ಕತ್ತರಿ, ಕಾಗದ, ಕೊರಳು: ಮನೆಯೇ ಶಾಲೆಯಾದವರ ಕ್ರಿಸ್‌ಮಸ್

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕುಟುಂಬಗಳಲ್ಲಿ ಡಿಸೆಂಬರ್ ಎಂದರೆ ಕೈಗೂ ಕೊರಳಿಗೂ ಬಿಡುವಿಲ್ಲದ ತಿಂಗಳು. ಅಲ್ಲಿ ಹಬ್ಬದ ತಯಾರಿಯೇ ಪಾಠ. ಕ್ರಿಸ್‌ಮಸ್‌ನ ಹಲವು ಅಲಂಕಾರಗಳು, ಹಾಡುಗಳು ಹುಟ್ಟಿದ್ದೂ ಹೀಗೆ ಮೇಷ್ಟ್ರು ಮತ್ತು ಮಕ್ಕಳ ನಡುವೆಯೇ.

ಡಿಸೆಂಬರ್ ಬಂದರೆ ಸಾಕು, ಅಮೆರಿಕದ ಹೋಮ್‌ಸ್ಕೂಲಿಂಗ್ ಮನೆಗಳಲ್ಲಿ ಊಟದ ಮೇಜಿನ ಮೇಲೆ ಪಠ್ಯಪುಸ್ತಕಕ್ಕೆ ಜಾಗವಿರುವುದಿಲ್ಲ. ಒಂದು ತುದಿಯಲ್ಲಿ ಮೈದಾ, ಉಪ್ಪು ಹಾಕಿ ಕಲಸಿದ ಹಿಟ್ಟು. ಇನ್ನೊಂದು ತುದಿಯಲ್ಲಿ ಬಣ್ಣದ ಕಾಗದದ ಚೂರುಗಳ ರಾಶಿ. ಮಧ್ಯದಲ್ಲಿ ಸೂಜಿ, ದಾರ, ಪಾಪ್‌ಕಾರ್ನ್ ತುಂಬಿದ ಬಟ್ಟಲು. ದೊಡ್ಡವಳು ಅಳತೆಪಟ್ಟಿ ಹಿಡಿದು ಗೆರೆ ಎಳೆಯುತ್ತಾಳೆ, ನಡುವಿನವನು ಕತ್ತರಿಸುತ್ತಾನೆ, ಚಿಕ್ಕದು ಅಂಟು ಹಚ್ಚುತ್ತದೆ. ಕೆಲಸ ಮಾಡುತ್ತಲೇ ಒಬ್ಬರು ಹಾಡಿನ ಮೊದಲ ಸಾಲು ಎತ್ತಿಕೊಂಡರೆ ಉಳಿದವರು ಸೇರಿಕೊಳ್ಳುತ್ತಾರೆ. ಹೊರಗಿನವರಿಗೆ ಇದು ರಜೆಯಂತೆ ಕಾಣಬಹುದು. ಆ ಮನೆಯವರ ಮಟ್ಟಿಗೆ ಇದು ವರ್ಷದ ಅತಿ ಗಟ್ಟಿಯಾದ ಪಾಠ.

ಅಮೆರಿಕದಲ್ಲಿ 1993ರ ಹೊತ್ತಿಗೆ ಐವತ್ತೂ ರಾಜ್ಯಗಳು ಹೋಮ್‌ಸ್ಕೂಲಿಂಗ್‌ಗೆ ಕಾನೂನಿನ ಮಾನ್ಯತೆ ಕೊಟ್ಟಿದ್ದವು. ಅಲ್ಲಿನ ಶಿಕ್ಷಣ ಇಲಾಖೆಯ ಲೆಕ್ಕದಂತೆ 1999ರಲ್ಲಿ ಸುಮಾರು 8.5 ಲಕ್ಷ ಮಕ್ಕಳು ಮನೆಯಲ್ಲಿ ಕಲಿಯುತ್ತಿದ್ದರು. 2016ರ ಹೊತ್ತಿಗೆ ಅವರ ಸಂಖ್ಯೆ ಸುಮಾರು 17 ಲಕ್ಷಕ್ಕೆ ಏರಿತ್ತು. ಇಂಥ ಬಹಳಷ್ಟು ಕುಟುಂಬಗಳಿಗೆ ದಾರಿ ತೋರಿದವರು ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್. 1886ರಲ್ಲಿ ಬಂದ ‘ಹೋಮ್ ಎಜುಕೇಶನ್’ ಪುಸ್ತಕದಲ್ಲಿ ಅವರು ಮಕ್ಕಳ ಕರಕುಶಲಕ್ಕೆ ಖಚಿತವಾದ ನಿಯಮಗಳನ್ನು ಹಾಕಿಕೊಟ್ಟರು. ಹೊತ್ತು ಕಳೆಯಲೆಂದು ಯಾವುದಕ್ಕೂ ಬಾರದ ವಸ್ತು ಮಾಡಿಸಬಾರದು. ಮಾಡುವುದನ್ನು ನಿಧಾನವಾಗಿ, ಹಂತ ಹಂತವಾಗಿ ತೋರಿಸಿಕೊಡಬೇಕು. ಅರೆಬರೆ ಕೆಲಸವನ್ನು ಒಪ್ಪಬಾರದು. ಹಾಗೆಂದು ಮಗುವಿನ ಅಳವಿಗೆ ಮೀರಿದ್ದನ್ನು ಹೇರಲೂಬಾರದು. ಕ್ರಿಸ್‌ಮಸ್ ಈ ನಿಯಮಗಳಿಗೆ ಹೇಳಿ ಮಾಡಿಸಿದಂತಿದೆ. ಮಗು ಮಾಡಿದ ವಸ್ತು ಕಿಟಕಿಗೋ ಮರಕ್ಕೋ ಏರುತ್ತದೆ, ಇಲ್ಲವೇ ಅಜ್ಜಿಯ ಕೈಗೆ ಉಡುಗೊರೆಯಾಗಿ ಸೇರುತ್ತದೆ. ತನ್ನ ಕೆಲಸಕ್ಕೆ ಒಂದು ಜಾಗ ಕಾದಿದೆ ಎಂದು ಗೊತ್ತಿರುವ ಮಗು ಗೆರೆ ಎಳೆಯುವ ರೀತಿಯೇ ಬೇರೆ.

ಹಿಟ್ಟು, ಮೇಣ, ಕಾಗದ

ಎಲ್ಲಕ್ಕಿಂತ ಸುಲಭದ್ದು ಉಪ್ಪುಹಿಟ್ಟಿನ ಅಲಂಕಾರ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಕಲಸಲು ಹಿಡಿಸುವಷ್ಟು, ಅಂದರೆ ಸುಮಾರು ಒಂದು ಬಟ್ಟಲು ನೀರು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ, ಲಟ್ಟಿಸಿ, ನಕ್ಷತ್ರ, ಗಂಟೆ, ಹಕ್ಕಿಗಳ ಆಕಾರದಲ್ಲಿ ಕತ್ತರಿಸಿ, ದಾರ ಪೋಣಿಸಲು ತೂತು ಮಾಡಿ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಕಲ್ಲಿನಂತಾಗುತ್ತದೆ. ಆರು ವರ್ಷದ ಮಗು ಇಲ್ಲಿ ಎರಡಕ್ಕೆ ಒಂದರ ಅನುಪಾತವನ್ನು ಕೈಯಾರೆ ತಿಳಿಯುತ್ತದೆ. ಅಂಚು ತೆಳುವಾದ ಕಡೆ ನೀರು ಬೇಗ ಆರಿ ಹಿಟ್ಟು ಸೊಟ್ಟಗಾಗುವುದನ್ನು ಕಂಡು, ಮುಂದಿನ ಸಲ ಒಂದೇ ಸಮನಾಗಿ ಲಟ್ಟಿಸಬೇಕೆಂದು ತಾನೇ ನಿರ್ಧರಿಸುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಮಾಡುವವರು ಮೇಲೆ ವಾರ್ನಿಷ್ ಬಳಿಯಲೇಬೇಕು. ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಅಲಂಕಾರ ಮೆತ್ತಗಾಗಿಬಿಡುತ್ತದೆ.

ಮೇಣದ ಬತ್ತಿ ಅದ್ದುವುದು ತಾಳ್ಮೆಯ ಕೆಲಸ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿಯಲ್ಲಿ. ನೂಲಿನ ಬತ್ತಿಯನ್ನು ಅದ್ದಿ ತೆಗೆದು, ಆರಲು ಬಿಟ್ಟು, ಮತ್ತೆ ಅದ್ದಬೇಕು. ಮೇಣ ತೀರಾ ಬಿಸಿಯಾಗಿದ್ದರೆ ಹೊಸ ಪದರ ಕೂರುವ ಬದಲು ಹಳೆಯದೂ ಕರಗಿಹೋಗುತ್ತದೆ. ಬಿಸಿ ಮೇಣದ ಹತ್ತಿರ ದೊಡ್ಡವರೊಬ್ಬರು ಸದಾ ನಿಂತಿರಬೇಕಾದ್ದರಿಂದ ಮನೆಮಂದಿ ಒಂದೆಡೆ ಸೇರಿಯೇ ಮಾಡುವ ಕೆಲಸವಿದು. ಪಾಪ್‌ಕಾರ್ನ್ ಮಾಲೆಗೂ ಒಂದು ಗುಟ್ಟಿದೆ. ಆಗತಾನೇ ಹುರಿದದ್ದನ್ನು ಪೋಣಿಸಹೊರಟರೆ ಸೂಜಿ ತಾಗಿದೊಡನೆ ಪುಡಿಯಾಗುತ್ತದೆ. ಒಂದು ದಿನ ಹೊರಗಿಟ್ಟು ಮೆತ್ತಗಾದ ಮೇಲೆ ಪೋಣಿಸಿದರೆ ಮಾಲೆ ನಿಲ್ಲುತ್ತದೆ.

ಕಾಗದದ ಹಿಮಹರಳಿನಲ್ಲಿ ಇನ್ನೂ ಆಳವಾದ ಪಾಠವಿದೆ. ಚೌಕ ಕಾಗದವನ್ನು ಎರಡು, ನಾಲ್ಕು, ಎಂಟಾಗಿ ಮಡಚುವುದು ಯಾರಿಗೂ ಬರುತ್ತದೆ. ಆದರೆ ನಿಜವಾದ ಹಿಮದ ಹರಳಿಗೆ ಇರುವುದು ಆರು ತೋಳು. ನೀರಿನ ಕಣಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜಾಲವಾಗಿ ಕೂಡಿಕೊಳ್ಳುವುದೇ ಅದಕ್ಕೆ ಕಾರಣ. ಆರು ಬರಬೇಕಾದರೆ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ, ಅದರ ಬುಡದ ನಡುಬಿಂದುವಿನಿಂದ ಮೂರು ಸಮಪಾಲಾಗಿ, ಒಂದೊಂದು ಪಾಲು 60 ಡಿಗ್ರಿಯಂತೆ ಮಡಚಬೇಕು. ಅದನ್ನು ಮತ್ತೆ ಅರ್ಧ ಮಾಡಿದರೆ ಹನ್ನೆರಡು ಪದರ ಸಿಗುತ್ತದೆ. ಮೂರು ಪಾಲು ಮಾಡುವುದು ಎರಡು ಪಾಲು ಮಾಡಿದಷ್ಟು ಸಲೀಸಲ್ಲ ಎಂಬುದು ಬೆರಳಿಗೆ ಗೊತ್ತಾಗುವುದು ಆಗಲೇ.

ಈ ಹರಳುಗಳ ಹಿಂದೆ ಬಿದ್ದು ಜೀವಮಾನ ಸವೆಸಿದ ವಿಲ್ಸನ್ ಬೆಂಟ್ಲಿ (1865–1931) ಸ್ವತಃ ಮನೆಯಲ್ಲಿ ಕಲಿತವನು. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಹಳ್ಳಿಯ ರೈತನ ಮಗ. ಮದುವೆಗೆ ಮುಂಚೆ ಶಿಕ್ಷಕಿಯಾಗಿದ್ದ ತಾಯಿಯೇ ಅವನಿಗೆ 14ರ ವಯಸ್ಸಿನವರೆಗೆ ಪಾಠ ಹೇಳಿದ್ದು. ಆಕೆ ಕೊಟ್ಟ ಹಳೆಯ ಸೂಕ್ಷ್ಮದರ್ಶಕದಲ್ಲಿ ಹುಡುಗ ಹಿಮ ನೋಡತೊಡಗಿದ. ಕಂಡದ್ದನ್ನು ಬರೆದು ಮುಗಿಸುವ ಮೊದಲೇ ಹರಳು ಕರಗುತ್ತಿತ್ತು. ಕೊನೆಗೆ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರ ಜನವರಿ 15ರಂದು ಒಂದೇ ಹಿಮಹರಳಿನ ಚಿತ್ರ ತೆಗೆದ. ಮುಂದೆ ಅಂಥ 5,000ಕ್ಕೂ ಹೆಚ್ಚು ಚಿತ್ರ ತೆಗೆದ. ಹೊಲದ ಕೆಲಸವಿದ್ದ ಮನೆಯಲ್ಲಿ ಮಗನ ಈ ಹುಚ್ಚಿಗೆ ಹೊತ್ತು ಕೊಟ್ಟ ತಾಯಿಯನ್ನು ನೆನೆದರೆ, ಮನೆಪಾಠದ ನಿಜವಾದ ಬಲ ಯಾವುದೆಂದು ತಿಳಿಯುತ್ತದೆ. ಗಂಟೆ ಹೊಡೆಯಿತೆಂದು ಅಲ್ಲಿ ಯಾರೂ ಕೈಯಲ್ಲಿದ್ದ ಕೆಲಸ ಬಿಡಿಸುವುದಿಲ್ಲ.

ಲೆಕ್ಕದ ತರಗತಿಯಲ್ಲಿ ಮೂಡಿದ ನಕ್ಷತ್ರ

ಕ್ರಿಸ್‌ಮಸ್‌ಗೆ ಕಿಟಕಿಯಲ್ಲಿ ತೂಗುವ, ಎಲ್ಲ ದಿಕ್ಕಿಗೂ ಮೊನೆ ಚಾಚಿದ ನಕ್ಷತ್ರವನ್ನು ಹಲವರು ನೋಡಿರುತ್ತಾರೆ. ಅದು ಹುಟ್ಟಿದ್ದು 19ನೇ ಶತಮಾನದ ಮೊದಲ ಭಾಗದಲ್ಲಿ, ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಪಂಥದವರು ನಡೆಸುತ್ತಿದ್ದ ಶಾಲೆಯಲ್ಲಿ, ರೇಖಾಗಣಿತ ಕಲಿಸುವ ನೆಪದಲ್ಲಿ. ಈ ಪಂಥದ ಮಿಷನರಿಗಳು ದೂರದೇಶಗಳಿಗೆ ಹೋಗುವಾಗ ಮಕ್ಕಳನ್ನು ವಸತಿಶಾಲೆಯಲ್ಲಿ ಬಿಟ್ಟುಹೋಗುತ್ತಿದ್ದರು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳ ಕಾಯುವ ಕಾಲವಾದ ಅಡ್ವೆಂಟ್ ಶುರುವಾದೊಡನೆ ಆ ಮಕ್ಕಳು ಕೂತು ನಕ್ಷತ್ರ ಕಟ್ಟುವುದು ರೂಢಿಯಾಯಿತು. ಅಪ್ಪ ಅಮ್ಮ ಸಮುದ್ರದಾಚೆ ಇದ್ದ ಮಕ್ಕಳಿಗೆ ಆ ಕೆಲಸ ಎಷ್ಟು ದೊಡ್ಡ ಆಸರೆಯಾಗಿದ್ದಿರಬೇಕು! ಆಮೇಲೆ ಹರ್ನ್‌ಹೂಟ್ ಪಟ್ಟಣದಲ್ಲಿ ಅದರ ತಯಾರಿಕೆ ಉದ್ಯಮವಾಗಿ ಬೆಳೆಯಿತು. ಹರ್ನ್‌ಹೂಟ್ ನಕ್ಷತ್ರ ಎಂಬ ಹೆಸರು ಬಂದದ್ದು ಅಲ್ಲಿಂದ.

ಅದರ ಲೆಕ್ಕ ಸೊಗಸಾಗಿದೆ. ನಡುವಿನ ಕಾಯಕ್ಕೆ 18 ಚೌಕ, 8 ತ್ರಿಕೋನ, ಒಟ್ಟು 26 ಮುಖ. ಒಂದು ಚೌಕವನ್ನು ತೂಗುಹಾಕಲು, ದೀಪ ಇಳಿಸಲು ಬಿಟ್ಟರೆ ಉಳಿಯುವುದು 25. ಹಾಗಾಗಿ ನಾಲ್ಕು ಮೈಯ 17 ಮೊನೆ, ಮೂರು ಮೈಯ 8 ಮೊನೆ ಕತ್ತರಿಸಿ ಮಡಚಬೇಕು. ಎಲ್ಲ ಮೊನೆಗಳ ಬುಡದ ಅಂಚು ಒಂದೇ ಅಳತೆಯಲ್ಲಿರಬೇಕು. ಪ್ರತಿ ಅಂಚಿನಲ್ಲೂ ಸ್ವಲ್ಪ ಸ್ವಲ್ಪ ತಪ್ಪಿದರೆ ಮೊದಲಿಗೆ ಏನೂ ತಿಳಿಯುವುದಿಲ್ಲ. ಕೊನೆಯ ಮೊನೆ ಕೂಡಿಸುವಾಗ ಮಾತ್ರ ಬಾಯಿ ಕೂಡುವುದೇ ಇಲ್ಲ. ಎಲ್ಲಿ ತಪ್ಪಿತೆಂದು ಯಾರೂ ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕಿಲ್ಲ. ಕೈಯಲ್ಲಿರುವ ಕಾಗದವೇ ಹೇಳುತ್ತದೆ, ಮಗು ಬಿಚ್ಚಿ ಮತ್ತೆ ಅಳೆಯುತ್ತದೆ.

ಅಡ್ವೆಂಟ್ ಹಾರದ ಕಥೆಯೂ ಹೀಗೆಯೇ. ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳಿಗಾಗಿ ಮನೆಯೊಂದನ್ನು ನಡೆಸುತ್ತಿದ್ದ ಪಾದ್ರಿ ಯೊಹಾನ್ ಹಿನ್ರಿಕ್ ವಿಖರ್ನ್‌ಗೆ ಮಕ್ಕಳು ದಿನವೂ ಕ್ರಿಸ್‌ಮಸ್ ಯಾವಾಗ, ಯಾವಾಗ ಎಂದು ದುಂಬಾಲು ಬೀಳುತ್ತಿದ್ದರು. 1839ರಲ್ಲಿ ಅವರು ಗಾಡಿಯ ಹಳೆಯ ಚಕ್ರವೊಂದಕ್ಕೆ ಮೇಣದ ಬತ್ತಿ ಜೋಡಿಸಿದರು: ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ನಾಲ್ಕು ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹೊತ್ತಿಸುತ್ತ ಮಕ್ಕಳು ಎಣಿಕೆ ಕಲಿತರು, ಕಾಯುವುದನ್ನೂ ಕಲಿತರು. ಇಂದು ಜಗತ್ತಿನ ಎಷ್ಟೋ ಮನೆಗಳಲ್ಲಿ ಬೆಳಗುವ ನಾಲ್ಕು ಬತ್ತಿಗಳ ಹಾರ ಆ ಚಕ್ರದ ಕಿರಿಯ ರೂಪ.

ಕೈಗವಸು ಮಾರುವವರು ಹಬ್ಬಿಸಿದ ಹಾಡು

ಹೋಮ್‌ಸ್ಕೂಲಿಂಗ್ ಕುಟುಂಬಗಳ ಸಂಗೀತಕ್ಕೆ ಒಂದು ವಿಶೇಷ ಗುಣವಿದೆ. ಶಾಲೆಯಲ್ಲಿ ಒಂದೇ ವಯಸ್ಸಿನವರು ಕೂಡಿ ಹಾಡಿದರೆ, ಇಲ್ಲಿ ಐದು ವರ್ಷದ ಮಗು, ಹದಿನೈದರ ಅಕ್ಕ, ಅಪ್ಪ, ಅಜ್ಜಿ ಒಂದೇ ಮೇಳ. ಚಿಕ್ಕವರಿಗೆ ಮೂಲ ರಾಗ, ಕೊರಳು ಪಳಗಿದವರಿಗೆ ಅದರ ಕೆಳಗಿನ ಸ್ವರಸಾಲು, ಇನ್ನೂ ಹಾಡಲಾಗದವರಿಗೆ ಗಂಟೆಯೋ ತಾಳವೋ. ಎಲ್ಲರಿಗೂ ಪಾಲುಂಟು.

ಜಗತ್ತಿನ ಅತಿ ಪ್ರಸಿದ್ಧ ಕ್ರಿಸ್‌ಮಸ್ ಗೀತೆ ‘ಸೈಲೆಂಟ್ ನೈಟ್’ ಬದುಕಿ ಉಳಿದದ್ದು ಇಂಥ ಕುಟುಂಬಗಳಿಂದಲೇ. ಜೋಸೆಫ್ ಮೊಹ್ರ್ ಎಂಬ ಯುವ ಪಾದ್ರಿ 1816ರಲ್ಲಿ ಬರೆದ ಪದ್ಯಕ್ಕೆ ಸ್ವರ ಹಾಕಿದ ಫ್ರಾನ್ಸ್ ಕ್ಸೇವರ್ ಗ್ರೂಬರ್ ಆಸ್ಟ್ರಿಯದ ಆರ್ನ್ಸ್‌ಡಾರ್ಫ್ ಎಂಬ ಹಳ್ಳಿಯ ಶಾಲಾ ಮೇಷ್ಟ್ರು. 1818ರ ಡಿಸೆಂಬರ್ 24ರಂದು ಪಕ್ಕದ ಓಬರ್ನ್‌ಡಾರ್ಫ್‌ನ ಚರ್ಚಿನಲ್ಲಿ ಇಬ್ಬರೇ ಗಿಟಾರ್ ಜೊತೆ ಅದನ್ನು ಹಾಡಿದರು. ಅಲ್ಲಿನ ಆರ್ಗನ್ ನೋಡಿಕೊಳ್ಳಲು ಬರುತ್ತಿದ್ದ ಕಾರ್ಲ್ ಮೌರಾಖರ್ ಎಂಬ ಕುಶಲಕರ್ಮಿ ಆ ಹಾಡನ್ನು ತನ್ನೂರಿದ್ದ ತ್ಸಿಲ್ಲರ್ ಕಣಿವೆಗೆ ಕೊಂಡೊಯ್ದ.

ಆ ಕಣಿವೆಯ ಸ್ಟ್ರಾಸರ್ ಕುಟುಂಬದ್ದು ಕೈಗವಸಿನ ಕಸುಬು. ಚಳಿಗಾಲದಲ್ಲಿ ಅಣ್ಣತಂಗಿಯರು ಸರಕು ಹೊತ್ತು ಜರ್ಮನಿಯ ಸಂತೆಗಳಿಗೆ ಹೋಗುತ್ತಿದ್ದರು. ಗಿರಾಕಿಗಳನ್ನು ಕರೆಯಲು ತಮ್ಮ ಸೀಮೆಯ ಹಾಡು ಹಾಡುತ್ತಿದ್ದರು. 1831ರಲ್ಲಿ ಲೈಪ್‌ಸಿಗ್‌ನ ಕ್ರಿಸ್‌ಮಸ್ ಸಂತೆಯಲ್ಲಿ ಅವರು ಹಾಡಿದ್ದನ್ನು ಕೇಳಿದ ಜನ ಮರುಳಾದರು. ಮುಂದೆ ಅದೇ ಕಣಿವೆಯ ರೈನರ್ ಕುಟುಂಬ 1839ರಲ್ಲಿ ನ್ಯೂಯಾರ್ಕ್‌ನಲ್ಲೂ ಅದನ್ನು ಹಾಡಿತು. ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ ಇವರು. ಹಗಲು ಕೈಕಸುಬು, ಸಂಜೆ ಮನೆಮಂದಿಯ ಹಾಡು. ಅವರ ವಿದ್ಯೆಯೆಲ್ಲ ಅಷ್ಟರಲ್ಲೇ ಬಂದದ್ದು. ಇಂದು ಆ ಹಾಡು 300ಕ್ಕೂ ಹೆಚ್ಚು ಭಾಷೆ, ಉಪಭಾಷೆಗಳಲ್ಲಿದೆ.

ನಮ್ಮ ಅಂಗಳದಲ್ಲಿ

ಕರ್ನಾಟಕದಲ್ಲೂ, ಮುಖ್ಯವಾಗಿ ಬೆಂಗಳೂರಿನಲ್ಲಿ, ಮಕ್ಕಳಿಗೆ ಮನೆಯಲ್ಲೇ ಕಲಿಸುವ ಕುಟುಂಬಗಳಿವೆ. ಇವರಲ್ಲಿ ಅನೇಕರಿಗೆ ಹತ್ತನೇ ತರಗತಿಯ ಪರೀಕ್ಷೆಗೆ ದಾರಿಯಾಗಿರುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 14 ತುಂಬಿದ ಮಕ್ಕಳು ಅಲ್ಲಿ ನೋಂದಾಯಿಸಿಕೊಳ್ಳಬಹುದು. ಆದರೆ ಹಬ್ಬದ ಮನೆಯನ್ನೇ ಕಲಿಕೆಯ ಮನೆ ಮಾಡುವ ವಿದ್ಯೆ ನಮ್ಮ ಕರಾವಳಿಗೆ ಹೊಸದೇನಲ್ಲ.

ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಬಿದಿರು ಸೀಳಿ, ಕಟ್ಟಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುವ ಹುಡುಗರು ಇಂದಿಗೂ ಇದ್ದಾರೆ. ಅದೇ ಬಿದಿರು, ಅದೇ ಕಾಗದ, ಅದೇ ಅಂಟಿನಿಂದ ನೆರೆಮನೆಯ ಮಕ್ಕಳು ದೀಪಾವಳಿಗೆ ಗೂಡುದೀಪ ಕಟ್ಟಿರುತ್ತಾರೆ. ಕೈಚಳಕ ಬೇಲಿ ದಾಟಿ ಓಡಾಡುತ್ತದೆ. ಗೋದಲಿ ಕಟ್ಟುವ ಮನೆಗಳಲ್ಲಿ ಹಬ್ಬಕ್ಕೆ ಮುಂಚೆಯೇ ತಟ್ಟೆಯಲ್ಲಿ ಮಣ್ಣು ಹರಡಿ ಭತ್ತವನ್ನೋ ರಾಗಿಯನ್ನೋ ಬಿತ್ತುತ್ತಾರೆ. ಹಬ್ಬದ ಹೊತ್ತಿಗೆ ಬಾಲಯೇಸುವಿನ ಸುತ್ತ ಹಸಿರು ಗದ್ದೆ ಎದ್ದಿರಬೇಕು. ಎಷ್ಟು ದಿನ ಮೊದಲು ಬಿತ್ತಬೇಕು, ದಿನಕ್ಕೆ ಎಷ್ಟು ನೀರು ಚಿಮುಕಿಸಬೇಕು ಎಂಬ ಲೆಕ್ಕ ಮಕ್ಕಳದು. ಅಡುಗೆಮನೆಯಲ್ಲಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಯಾರಿ. ಕಿಡಿಯೊ ಮಾಡಲು ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಸಣ್ಣ ಬೆರಳಿಗೇ ಚೆನ್ನಾಗಿ ಒಲಿಯುತ್ತದೆ. ಸುತ್ತ ಕೂತು ಸುತ್ತುವಾಗಲೇ ಅಜ್ಜಿಯ ಕೊಂಕಣಿ ಹಾಡುಗಳು ಮೊಮ್ಮಕ್ಕಳ ಬಾಯಿಗೆ ಬರುತ್ತವೆ.

ಹಾಡಿನ ವಿಷಯದಲ್ಲೂ ನಮಗೆ ಸ್ವಂತದ ಪರಂಪರೆಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿದರು. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಫರ್ಡಿನಂಡ್ ಕಿಟೆಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಬದುಕನ್ನು ಈ ನೆಲದ ಹಾಡುಗಟ್ಟಿನಲ್ಲೇ ಹೇಳಿದರು. ಮನೆಯಲ್ಲಿ ಕಲಿಸುವ ತಾಯ್ತಂದೆಯರು ಇಂಗ್ಲಿಷ್ ಕ್ಯಾರಲ್‌ಗಳ ಜೊತೆಗೆ ಕನ್ನಡದ, ಕೊಂಕಣಿಯ ಹಾಡುಗಳನ್ನೂ ಮಕ್ಕಳ ಕೊರಳಿಗೆ ದಾಟಿಸಬೇಕು. ಹಾಡುವವರು ಇಲ್ಲವಾದರೆ ಅವು ಪುಸ್ತಕದಲ್ಲೇ ಉಳಿದುಬಿಡುತ್ತವೆ.

ಬೆಲೆ ಇಲ್ಲದ್ದಲ್ಲ

ಇದೆಲ್ಲಕ್ಕೂ ಹೊತ್ತು ಬೇಕು, ತಾಳ್ಮೆ ಬೇಕು. ಹೋಮ್‌ಸ್ಕೂಲಿಂಗ್ ಮನೆಗಳಲ್ಲಿ ಆ ಭಾರ ಹೆಚ್ಚಾಗಿ ಬೀಳುವುದು ತಾಯಿಯ ಹೆಗಲಿಗೆ. ಅಪ್ಪನೂ ಮೇಜಿನ ಬಳಿ ಕೂರದ ಮನೆಯಲ್ಲಿ ಹಬ್ಬ ಅವಳಿಗೆ ಇನ್ನೊಂದು ದುಡಿಮೆಯಾಗುತ್ತದೆ. ಇಬ್ಬರೂ ಹೊರಗೆ ದುಡಿಯುವ ಮನೆಗಳಿಗೆ ಮಕ್ಕಳನ್ನು ಶಾಲೆ ಬಿಡಿಸುವ ಮಾತೇ ಇಲ್ಲ, ಬಿಡಿಸಬೇಕಾಗಿಯೂ ಇಲ್ಲ. ಈ ಕುಟುಂಬಗಳಿಂದ ಎಲ್ಲರೂ ಕಲಿಯಬಹುದಾದದ್ದು ಬೇರೆಯೇ ಇದೆ. ಮಗುವನ್ನು ಅಂಗಡಿಗೆ ಕರೆದೊಯ್ದು ಆರಿಸು ಎಂದರೆ ಅದು ಗಿರಾಕಿಯಾಗುತ್ತದೆ. ಎದುರಿಗೆ ಕೂರಿಸಿಕೊಂಡು ಮಾಡು ಎಂದರೆ ಮನೆಯ ಹಬ್ಬಕ್ಕೆ ಪಾಲುದಾರನಾಗುತ್ತದೆ.

ಆದ್ದರಿಂದ ಈ ಡಿಸೆಂಬರ್‌ನಲ್ಲಿ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ನಕ್ಷತ್ರವಾಗಲಿ, ಉಪ್ಪುಹಿಟ್ಟಿನ ಗಂಟೆಯಾಗಲಿ, ಒಂದು ಹಾಡಾಗಲಿ. ಫೋನ್ ಬದಿಗಿಟ್ಟು ಮನೆಯವರೆಲ್ಲ ಒಂದು ಗಂಟೆ ಕೂತು ಮಾಡಿ. ಸೊಟ್ಟಗಾದರೆ ತಿದ್ದಲು ಹೋಗಬೇಡಿ; ಮಗುವೇ ಬಿಚ್ಚಿ ಇನ್ನೊಮ್ಮೆ ಮಾಡಲಿ. ನೀಸ್ಕಿಯ ಮೇಷ್ಟ್ರು, ಹ್ಯಾಂಬರ್ಗ್‌ನ ಪಾದ್ರಿ, ಜೆರಿಕೊದ ರೈತನ ಹೆಂಡತಿ ಮಾಡಿದ್ದು ಇಷ್ಟೇ: ಮಕ್ಕಳ ಕೈಗೆ ನಿಜವಾದ ಕೆಲಸ ಕೊಟ್ಟರು, ಅದು ಮುಗಿಯುವವರೆಗೆ ಜೊತೆಗಿದ್ದರು. ಒಳ್ಳೆಯ ಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಬಂಡವಾಳ ಬೇಕಿಲ್ಲ, ಒಳ್ಳೆಯ ಹಬ್ಬಕ್ಕೂ ಬೇಕಿಲ್ಲ.