ತೇಜು ನದಿಯಾಚೆಯ ಬಿಳಿಮನೆಗಳು

ಪೋರ್ಚುಗಲ್ ದೇಶದಲ್ಲಿ ತೇಜು ನದಿಯ ದಕ್ಷಿಣಕ್ಕೆ ಹಬ್ಬಿದ ಸೀಮೆಗೆ ಅಲೆಂತೇಜು ಎಂದು ಹೆಸರು. ‘ತೇಜುವಿನಾಚೆ’ ಎಂಬುದೇ ಅದರ ಅರ್ಥ. ದೇಶದ ನೆಲದಲ್ಲಿ ಸುಮಾರು ಮೂರರಲ್ಲೊಂದು ಪಾಲು ಇದರದೇ ಆದರೂ ಜನಸಂಖ್ಯೆ ಮಾತ್ರ ಬಹಳ ವಿರಳ. ಪೋರ್ಚುಗೀಸರಿಂದ ಬಂದ ‘ಚಾವಿ’ ಎಂಬ ಮಾತು ಕನ್ನಡಿಗರ ನಾಲಗೆಯಲ್ಲಿ ಇಂದಿಗೂ ಉಳಿದಿದೆ. ಇತ್ತ ಅಲೆಂತೇಜುವಿನ ಹಳೆಯ ಮನೆಗಳ ಚಾವಿಗಳು ಪರದೇಶದವರ ಕೈಸೇರುತ್ತಿವೆ.

ಆ ಸೀಮೆಯ ಸೆಳೆತ ಸಾಮಾನ್ಯವಾದುದಲ್ಲ. ಸುಣ್ಣ ಬಳಿದ ಗೋಡೆಗಳಿಗೆ ನೀಲಿ ಪಟ್ಟಿ. ಬಯಲಿನುದ್ದಕ್ಕೂ ಸೀಸೆಯ ಬಿರಡೆಗೊದಗುವ ಕಾರ್ಕ್ ಓಕ್ ಮರಗಳು. ಒಮ್ಮೆ ತೊಗಟೆ ಸುಲಿದರೆ ಮತ್ತೆ ಸುಲಿಯಲು ಒಂಬತ್ತು ವರ್ಷ ಕಾಯಬೇಕು. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬರೆದಿಡುತ್ತಾರೆ. ರೋಮನ್ ದೇಗುಲವುಳ್ಳ ಏವೊರಾ ಪಟ್ಟಣ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಶ್ರಮಿಕರು ಕೂಡಿ ಹಾಡುವ ‘ಕಾಂತೆ’ ಗಾಯನಕ್ಕೆ 2014ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು.

ಆದರೆ ಪ್ರವಾಸಿ ಮೆಚ್ಚುವ ಆ ಮೌನದ ಹಿಂದೆ ಒಂದು ಕಥೆಯಿದೆ. ಹೊಲದ ಕೂಲಿಯಲ್ಲಿ ಹೊಟ್ಟೆ ತುಂಬದೆ, ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸಾವಿರಾರು ಮಂದಿ ಲಿಸ್ಬನ್ ಕಡೆಗೂ ಪರದೇಶಗಳಿಗೂ ಹೊರಟುಹೋದರು. ಇಂದು ಮಾರಾಟಕ್ಕಿರುವ ಎಷ್ಟೋ ಮನೆಗಳು ಅವರು ಬಿಟ್ಟುಹೋದವು.

ಆದುದರಿಂದಲೇ ಕೊಳ್ಳುವವನು ಮೊದಲು ವಾರಸುದಾರರನ್ನು ಎಣಿಸಬೇಕು. ಎಲ್ಲರ ಒಪ್ಪಿಗೆಯಿಲ್ಲದೆ ಮನೆ ಕೈಸೇರದು. ಸಣ್ಣ ಸಾಗುವಳಿ ಭೂಮಿಯಾದರೆ ನೆರೆಹೊಲದವರಿಗೆ ಮೊದಲು ಕೊಳ್ಳುವ ಹಕ್ಕಿರಬಹುದು. ತೆರಿಗೆ ಸಂಖ್ಯೆಯನ್ನು ಪಡೆದು, ನೋಂದಣಿ ಪತ್ರವನ್ನು ಸ್ವತಂತ್ರ ವಕೀಲರಿಂದ ಪರೀಕ್ಷಿಸಿದ ಮೇಲೆಯೇ ಮುಂಗಡ ಕೊಡುವುದು ಕ್ಷೇಮ. ಕರಾರಿನ ಬಳಿಕ ಕೊಳ್ಳುವವನು ಹಿಂಜರಿದರೆ ಮುಂಗಡ ಹೋಗುತ್ತದೆ. ಮಾರುವವನು ಹಿಂಜರಿದರೆ ಸಾಮಾನ್ಯವಾಗಿ ಇಮ್ಮಡಿ ಹಿಂದಿರುಗಿಸಬೇಕು. ಜಮೀನಿನ ಕಾರ್ಕ್ ಮರವನ್ನು ಒಡೆಯನೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಮನೆ ಕೊಂಡು ‘ಗೋಲ್ಡನ್ ವೀಸಾ’ ಪಡೆಯುವ ದಾರಿ 2023ರಲ್ಲಿಯೇ ಮುಚ್ಚಿತು.

ವಸಂತದಲ್ಲಿ ಹೂ ತುಂಬಿದ ಬಯಲನ್ನು ಕಂಡು ಮನಸೋತವನು ಆಗಸ್ಟ್ ತಿಂಗಳಲ್ಲಿ ಮತ್ತೊಮ್ಮೆ ಹೋಗಿಬರಬೇಕು. ಉಷ್ಣತೆ 40 ಡಿಗ್ರಿ ಮೀರುವ ಆ ದಿನಗಳಲ್ಲಿ ಬಾವಿಯಲ್ಲಿ ನೀರುಂಟೆ, ವೈದ್ಯರು ಎಷ್ಟು ದೂರದಲ್ಲಿದ್ದಾರೆ ಎಂಬುದು ಆಗ ತಿಳಿದೀತು. ವೃದ್ಧಾಪ್ಯದ ನೆಮ್ಮದಿಗೆಂದು ಮನೆ ಕೊಳ್ಳುವವರಿಗಂತೂ ಇದು ಮುಖ್ಯ.

ಸುಣ್ಣ ಬಳಿದ ಮಾತ್ರಕ್ಕೆ ಊರು ಉಳಿಯುವುದಿಲ್ಲ. ವರ್ಷಕ್ಕೆ ಎರಡು ವಾರ ತೆರೆಯುವ ಬಾಗಿಲಿಗಿಂತ, ನಿತ್ಯ ಒಲೆ ಹೊತ್ತುವ ಮನೆ ಆ ಸೀಮೆಗೆ ಬೇಕಾಗಿದೆ. ಹುಟ್ಟೂರಿನ ಮನೆಗೆ ಬೀಗ ಹಾಕಿ ಮಹಾನಗರ ಸೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.