ಕಡಲೆ ಹೊಲದಲ್ಲಿ ಬೆಳ್ಳಕ್ಕಿಯ ಪಾಲು

ಹಿಂಗಾರಿ ಮಳೆ ನಿಂತು ಚಳಿ ಕಾಲಿಡುತ್ತಿದ್ದಂತೆ ರೋಣ, ನರಗುಂದಗಳ ಎರೆಭೂಮಿ ಕಡಲೆಯಿಂದ ಹಸಿರಾಗುತ್ತದೆ. ನಸುಕಿನಲ್ಲಿ ಗಿಡಗಳ ಮೇಲೆ ತೆಳುಬಟ್ಟೆ ಹಾಸಿ, ಇಬ್ಬನಿಯೊಡನೆ ಕಡಲೆ ಹುಳಿಯನ್ನು ಹಿಂಡಿಕೊಳ್ಳುವ ರೂಢಿಯನ್ನು ನಮ್ಮ ಹಿರಿಯರು ಬಲ್ಲರು. ಆ ಹುಳಿ ಗಿಡದ ಆತ್ಮರಕ್ಷಣೆಯ ಸಾಧನವೂ ಹೌದು. ಆದರೂ ಕಾಯಿಕೊರಕ ಹುಳು ಬಂದೇ ಬರುತ್ತದೆ. ಆಗ ನಾವು ವಿಷದ ಡಬ್ಬಿಯತ್ತ ಕೈಚಾಚುತ್ತೇವೆ. ಅದಕ್ಕೆ ಮುನ್ನ ಒಂದು ಕ್ಷಣ ವಿಚಾರ ಮಾಡೋಣ.

ಹೊಲವೆಂದರೆ ರೈತ ಮತ್ತು ಹುಳುವಿನ ನಡುವಣ ವ್ಯಾಜ್ಯವಷ್ಟೇ ಅಲ್ಲ. ಸೂರ್ಯನ ಬೆಳಕನ್ನು ಎಲೆ ಆಹಾರವಾಗಿಸುತ್ತದೆ. ಎಲೆ, ಕಾಯಿಗಳನ್ನು ಹುಳು ತಿನ್ನುತ್ತದೆ. ಹುಳುವನ್ನು ಬೆಳ್ಳಕ್ಕಿ, ಗೊರವಂಕ, ಕಾಜಾಣಗಳು ಹೆಕ್ಕುತ್ತವೆ. ಕಣ್ಣಿಗೆ ಬೀಳದ ಸಣ್ಣ ಕಣಜವೊಂದು ಎಳೆಯ ಹುಳುವಿನೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ನೆಲದಡಿಯಲ್ಲಿ ಬೇರುಗಂಟಿನ ಸೂಕ್ಷ್ಮಾಣುಗಳು ಗಿಡದಿಂದ ಸಕ್ಕರೆ ಪಡೆದು, ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಿ ಗಿಡಕ್ಕೆ ಕೊಡುತ್ತವೆ.

ಈ ಪಂಕ್ತಿಯಲ್ಲಿ ಶಕ್ತಿ ಮುಂದೆ ಹೋಗುತ್ತದೆಯೇ ಹೊರತು ಮರಳಿ ಬರುವುದಿಲ್ಲ. ಅಮೆರಿಕದ ಯುವ ವಿಜ್ಞಾನಿ ರೇಮಂಡ್ ಲಿಂಡೆಮನ್ 1942ರಲ್ಲಿ ಒಂದು ಸಣ್ಣ ಸರೋವರದ ಅಧ್ಯಯನದಿಂದ ಈ ಲೆಕ್ಕಾಚಾರಕ್ಕೆ ತಳಹದಿ ಹಾಕಿದರು. ಸ್ಥೂಲವಾಗಿ ಹೇಳುವುದಾದರೆ, ಒಂದು ಮೆಟ್ಟಿಲಿನ ಶಕ್ತಿಯಲ್ಲಿ ನೂರಕ್ಕೆ 10 ಪಾಲು ಮಾತ್ರ ಮುಂದಿನ ಮೆಟ್ಟಿಲನ್ನು ತಲುಪುತ್ತದೆ. ಉಳಿದದ್ದು ಬಹುಮಟ್ಟಿಗೆ ಉಸಿರಾಟದಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಗಜೇಂದ್ರಗಡದ ಗುಡ್ಡಗಳಲ್ಲಿ ಹುಲ್ಲು ಅಪಾರ, ಕುರಿ ಹಲವು, ತೋಳ ಕೆಲವೇ ಇರುವುದು ಇದೇ ಕಾರಣಕ್ಕೆ.

ವಿಷದ ಅನ್ಯಾಯ ಇರುವುದು ಇಲ್ಲಿಯೇ. ಹುಳುವಿನ ತಾಯಿಪತಂಗ ನೂರಾರು ಮೊಟ್ಟೆಯಿಟ್ಟು ಬೇಗನೆ ಚೇತರಿಸಿಕೊಳ್ಳುತ್ತದೆ. ಮೇಲಿನ ಮೆಟ್ಟಿಲಿನವರು ಮೊದಲೇ ಅಲ್ಪಸಂಖ್ಯಾತರು. ಅವರು ಮರಳುವುದು ನಿಧಾನ. ಹೀಗೆ ಸಿಂಪಡಣೆ ಶತ್ರುವಿಗಿಂತ ಮಿತ್ರರನ್ನೇ ಹೆಚ್ಚಾಗಿ ನೀಗಿಸಬಲ್ಲದು. 1990ರ ದಶಕದಲ್ಲಿ ದಕ್ಷಿಣ ಭಾರತದ ಹತ್ತಿ ಹೊಲಗಳಲ್ಲಿ ಇದೇ ಹುಳು ಹಲವು ಕೀಟನಾಶಕಗಳನ್ನು ಅರಗಿಸಿಕೊಂಡು ನಿಂತಿತು. ಸಾಲ ಮಾತ್ರ ರೈತನ ಹೆಗಲ ಮೇಲುಳಿಯಿತು. ಒಂದು ಕಾರಣಕ್ಕೆ ಒಂದೇ ಪರಿಣಾಮವೆಂದು ಭಾವಿಸುವುದು ತರ್ಕದೋಷ. ಹೊಲದಲ್ಲಿ ಆ ದೋಷಕ್ಕೆ ದಂಡ ತೆರುವುದು ಕುಟುಂಬ.

ವಿಷ ಎಂದೆಂದಿಗೂ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಕೊನೆಯ ಅಸ್ತ್ರವಾಗಲಿ ಎನ್ನುತ್ತೇವೆ. ಒಂದು ಮೀಟರ್ ಸಾಲಿಗೆ ಒಂದೆರಡು ಮರಿಹುಳು ಕಾಣುವ ತನಕ ಸಿಂಪಡಣೆಗೆ ಅವಸರಪಡಬೇಡಿರೆಂಬುದು ಕೃಷಿತಜ್ಞರ ಸಾಮಾನ್ಯ ಸಲಹೆ. ಕಡಲೆಯ ನಡುವೆ ಅಲ್ಲಲ್ಲಿ ಜೋಳದ ಗಿಡ ಬೆಳೆಸಿದರೆ, ಎಕರೆಗೆ ಸುಮಾರು 20 ಕವಲುಕೋಲು ನೆಟ್ಟರೆ ಹಕ್ಕಿಗಳಿಗೆ ಕೂರಲು ತಾವಾಗುತ್ತದೆ. ಚುರುಮುರಿ ಚೆಲ್ಲಿ ಅವುಗಳನ್ನು ಕರೆಯುವ ರೈತರೂ ನಮ್ಮ ಸೀಮೆಯಲ್ಲಿದ್ದಾರೆ.

ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸುವ ಪದ್ಧತಿಯನ್ನು ನೆನೆಯೋಣ. ಶಕ್ತಿ ಮರಳದಿದ್ದರೂ ಮಣ್ಣಿನ ಸತ್ವ ಹಿಕ್ಕೆಯ ರೂಪದಲ್ಲಿ ಮಣ್ಣಿಗೆ ಮರಳುತ್ತದೆ. ಪಡೆದವರು ಹಿಂತಿರುಗಿಸಬೇಕೆಂಬ ಈ ನಿಯಮ ಮನುಷ್ಯನಿಗೂ ಅನ್ವಯಿಸುತ್ತದೆ.

ಬರುವ ಭಾನುವಾರ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಸಾಲಿನ ಹುಳು ಎಣಿಸಲಿ, ಹಕ್ಕಿಯನ್ನೂ ಎಣಿಸಲಿ. ಡಬ್ಬಿಯ ಮುಚ್ಚಳ ತೆರೆಯಬೇಕೇ ಬೇಡವೇ ಎಂಬುದನ್ನು ಆ ಲೆಕ್ಕ ನೋಡಿ ತೀರ್ಮಾನಿಸೋಣ.