ವೀಸಾ ಕಾಗದದಲ್ಲಿ ಏನಿದೆ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಒಂದು ಕಾಗದ ತಂದರು. "ಇದು ಕುವೈತಿನ ವೀಸಾ ಅಂತೆ. ಮನೆ ಕೆಲಸ. ಊಟ, ವಸತಿ ಅವರದೇ. ಮುಂದಿನ ವಾರ ವಿಮಾನ" ಅಂದರು. ಮುಖದಲ್ಲಿ ಸಂತೋಷ ಇತ್ತು.

ಕಾಗದ ಇಂಗ್ಲಿಷಿನಲ್ಲಿತ್ತು. ಕಾಲೇಜಿಗೆ ಹೋಗುವ ಹುಡುಗಿಯಿಂದ ಓದಿಸಿದೆವು. ಅದರಲ್ಲಿ ಕುವೈತಿನ ಹೆಸರೇ ಇರಲಿಲ್ಲ. ಇದ್ದದ್ದು ದುಬೈ. ಅದರ ಕೆಳಗೆ 'ಟೂರಿಸ್ಟ್' ಅಂತ ಇತ್ತು. ಅವಧಿ 30 ದಿನ. ಅಕ್ಕ ಸುಮ್ಮನೆ ಕೂತರು.

ಪಾಸ್‌ಪೋರ್ಟು ಬೇರೆ, ವೀಸಾ ಬೇರೆ. ಪಾಸ್‌ಪೋರ್ಟನ್ನು ನಮ್ಮ ಸರ್ಕಾರ ಕೊಡುತ್ತದೆ. ಅದು ನಮ್ಮ ಗುರುತು. ವೀಸಾವನ್ನು ಹೋಗುವ ದೇಶದವರು ಕೊಡುತ್ತಾರೆ. 'ಬಾ' ಅಂತ ಕರೆಯುವಾಗಲೇ ಯಾತಕ್ಕೆ, ಎಷ್ಟು ದಿನ ಅಂತಲೂ ಬರೆದಿರುತ್ತಾರೆ. ನೋಡಲು ಬಾ ಅಂದರೆ ನೋಡಿ ಬರಬೇಕು. ದುಡಿಯುವ ಹಾಗಿಲ್ಲ. ದುಡಿದರೆ ತಪ್ಪು ನಮ್ಮದೇ ಆಗುತ್ತದೆ. ಸಂಬಳ ಕೊಡದಿದ್ದರೆ ಧೈರ್ಯವಾಗಿ ಕೇಳೋದು ಹೇಗೆ? ದಿನ ಮೀರಿದರೆ ದಂಡ ಬೇರೆ.

ಹಾಗಾದರೆ ಏಜೆಂಟ ಟೂರಿಸ್ಟ್ ವೀಸಾ ಯಾಕೆ ತಂದ? ಅಲ್ಲೇ ಇದೆ ಗುಟ್ಟು. ನಮ್ಮ ದೇಶದಲ್ಲಿ 1983ರ ವಲಸೆ ಕಾನೂನು ಇದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ಇ.ಸಿ.ಆರ್.' ಅಂತ ಅಚ್ಚಾಗಿರುತ್ತದೆ. ಇಂಥವರು ಕುವೈತ್, ಸೌದಿ, ಓಮಾನ್, ದುಬೈ ಮುಂತಾದ ಕಡೆ ಕೆಲಸಕ್ಕೆ ಹೋಗುವ ಮೊದಲು ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆ ಪಡೆಯಬೇಕು. ಅವರು ಕೆಲಸದ ಕರಾರು, ಸಂಬಳ, ಮಾಲೀಕರ ಹೆಸರು ಎಲ್ಲ ನೋಡುತ್ತಾರೆ. ಇಂಥ ಪಾಸ್‌ಪೋರ್ಟಿನ ಹೆಂಗಸರು ಮನೆ ಕೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. ಸರ್ಕಾರ ಒಪ್ಪಿದ ಸರ್ಕಾರಿ ಸಂಸ್ಥೆಗಳ ಮೂಲಕ ಹೋಗಬೇಕು ಅನ್ನುವ ನಿಯಮ 2016ರಲ್ಲಿ ಬಂತು. ಟೂರಿಸ್ಟ್ ವೀಸಾಕ್ಕೆ ಈ ಒಪ್ಪಿಗೆ ಬೇಕಿಲ್ಲ. ಅದಕ್ಕೇ ಏಜೆಂಟ ಅಡ್ಡದಾರಿ ಹಿಡಿಯುತ್ತಾನೆ. ದುಬೈಗೆ ಇಳಿಸಿ, ಅಲ್ಲಿಂದ ಇನ್ನೊಂದು ದೇಶಕ್ಕೆ ಸಾಗಿಸುತ್ತಾನೆ. ನಾವು ಎಲ್ಲಿದ್ದೇವೆ ಅಂತ ನಮ್ಮ ಸರ್ಕಾರದ ಲೆಕ್ಕದಲ್ಲೇ ಇರೋದಿಲ್ಲ.

30 ವರ್ಷ ಅನ್ನೋದು ಸರಿಯೋ ತಪ್ಪೋ, ನಮ್ಮಲ್ಲೇ ಜಗಳ ಇದೆ. ಗಂಡಸರಿಗಿಲ್ಲದ ವಯಸ್ಸಿನ ಕಟ್ಟು ನಮಗ್ಯಾಕೆ ಅಂತ ಕೇಳುವವರಿದ್ದಾರೆ. ಆದರೆ ಇವತ್ತು ಅದು ನಿಯಮ.

ಸರಿಯಾದ ದಾರಿಯಲ್ಲಿ ಹೋದವರಿಗೆ ವಿಮೆಯೂ ಉಂಟು. ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ ಹೆಸರು. 2 ವರ್ಷಕ್ಕೆ 275 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ ರೂಪಾಯಿ.

ಇನ್ನು ಕುವೈತಿನ ವಿಷಯ. ಅಲ್ಲಿ ಮನೆ ಕೆಲಸದವರ ವೀಸಾಕ್ಕೆ '20ನೇ ನಂಬರು' ಅಂತಾರೆ. ಕಂಪನಿ ಕೆಲಸದವರದು 18. 20ನೇ ನಂಬರಿನವರು ಕರೆಸಿಕೊಂಡ ಮಾಲೀಕರ ಮನೆಯಲ್ಲೇ ದುಡಿಯಬೇಕು. ತಾವಾಗಿ ಬೇರೆ ಮನೆ ಹಿಡಿಯುವ ಹಾಗಿಲ್ಲ. ಹೋದ ಮೇಲೆ ರಕ್ತ ಪರೀಕ್ಷೆ, ಬೆರಳಚ್ಚು ಆಗುತ್ತದೆ. ಆಮೇಲೆ ವಾಸದ ಪರವಾನಗಿ. ಅದನ್ನು ಮಾಡಿಸೋದು ಮಾಲೀಕರ ಕೆಲಸ. ಅದು ಆಯಿತೇ, ಎಂದು ಮುಗಿಯುತ್ತದೆ ಅಂತ ನಾವೂ ಕೇಳಿ ಬರೆದಿಟ್ಟುಕೊಳ್ಳಬೇಕು.

ಅಲ್ಲಿ 2015ರಲ್ಲಿ ಮನೆ ಕೆಲಸದವರಿಗೆ ಕಾನೂನು ಆಯಿತು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು. ವಾರಕ್ಕೊಂದು ರಜೆ ಕೊಡಬೇಕು. ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳಬಾರದು. ಆದರೂ ಇಟ್ಟುಕೊಳ್ಳುವವರಿದ್ದಾರೆ. ಕಾನೂನು ಪುಸ್ತಕದಲ್ಲಿ, ಬೀಗದಕೈ ಯಜಮಾನಿಯ ಸೊಂಟದಲ್ಲಿ. ಅದಕ್ಕೇ ಹೊರಡುವ ಮೊದಲು ಪಾಸ್‌ಪೋರ್ಟು, ವೀಸಾ, ಕರಾರು ಮೂರನ್ನೂ ನಕಲು ಮಾಡಿಸಿ ತವರಲ್ಲಿ ಒಂದು ಪ್ರತಿ ಇಡಿ. ಕುವೈತಿನಲ್ಲಿ ನಮ್ಮ ರಾಯಭಾರ ಕಚೇರಿ ಇದೆ. ಮನೆ ಬಿಟ್ಟು ಬಂದ ಹೆಂಗಸರಿಗೆ ಆಶ್ರಯ ಕೊಡುತ್ತದೆ. ಅದರ ಫೋನ್ ನಂಬರನ್ನು ಬಟ್ಟೆಯ ಗಂಟಿನಲ್ಲಲ್ಲ, ತಲೆಯಲ್ಲಿ ಇಟ್ಟುಕೊಳ್ಳಿ.

ಏಜೆಂಟನಿಗೆ ಸರ್ಕಾರದ ನೋಂದಣಿ ಇದೆಯೇ ಅಂತ ಇಲ್ಲಿಂದಲೇ ಕೇಳಬಹುದು. 1800 11 3090. ಈ ಫೋನಿಗೆ ಕಾಸಿಲ್ಲ.

ಆ ಅಕ್ಕ ಹೋಗಲಿಲ್ಲ. ಕೊಟ್ಟ ಮುಂಗಡದಲ್ಲಿ ಅರ್ಧ ಮಾತ್ರ ವಾಪಸು ಬಂತು. ಅವರಿಗೆ ಈಗ 28 ವರ್ಷ. ಇನ್ನೆರಡು ವರ್ಷ ಬಿಟ್ಟು ಸರಿಯಾದ ಕಾಗದದಲ್ಲೇ ಹೋಗ್ತೀನಿ ಅಂತಾರೆ. ಅಷ್ಟರಲ್ಲಿ ಇಂಗ್ಲಿಷ್ ಅಕ್ಷರವನ್ನೂ ಕಲಿಸಿ ಅಂತ ನಮ್ಮ ಬೆನ್ನು ಹತ್ತಿದ್ದಾರೆ.